ಬೀಗದ ಕೈ ಯಾರ ಸೊಂಟದಲ್ಲಿದೆ?

ಕೊನೆಯ ಬಸ್ಸು ಹೋದ ಮೇಲೆ ಬಸ್‌ಸ್ಟ್ಯಾಂಡಿನ ಸಿಮೆಂಟು ಬೆಂಚಿನ ಮೇಲೆ ಒಬ್ಬಳೇ ಕೂತ ಹೆಂಗಸನ್ನು ಕಾಣದ ಕಂಡಕ್ಟರ್ ಇಲ್ಲ. ಅಂಗಡಿ ಮುಚ್ಚುವ ಬೀಡಾ ಅಂಗಡಿಯವನೂ ಇಲ್ಲ. ಕಂಕುಳಲ್ಲಿ ಒಂದು ಮಗು, ಕಾಲ ಬಳಿ ಒಂದು ಕೈಚೀಲ. "ಯಾವೂರಮ್ಮಾ?" ಎಂದರೆ ಉತ್ತರವಿಲ್ಲ. ಸೆರಗು ಮಾತ್ರ ಕೆನ್ನೆಯ ಮೇಲಿಂದ ಸರಿಯುವುದಿಲ್ಲ.

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂದು ಗಾದೆ ಹೇಳಿ ಜನ ತಮ್ಮ ತಮ್ಮ ಮನೆ ಸೇರುತ್ತಾರೆ. ಉಣ್ಣೋಕೆ ಅನ್ನವಿಲ್ಲದೆ, ಮಲಗೋಕೆ ಮನೆಯಿಲ್ಲದೆ ಬೀದಿಗೆ ಬಿದ್ದವಳ ಜಗಳ ಮುಗಿಯುವುದು ಯಾವಾಗ? ಗಾದೆ ಕಟ್ಟಿದ ಪುಣ್ಯಾತ್ಮರು ಅದನ್ನು ಹೇಳಿಲ್ಲ.

ಏಟು ತಿಂದು ಹೊರಬಂದ ಹೆಂಗಸು ಹೊಸಿಲು ದಾಟಿದ ಗಳಿಗೆಯಿಂದಲೇ ಮನೆಯಿಲ್ಲದವಳು. ಹೊಡೆತದ ಕಷ್ಟ, ಸೂರಿನ ಕಷ್ಟ ಎಂದು ಎರಡು ಲೆಕ್ಕ ಬರೆಯಲು ಬರುವುದಿಲ್ಲ. ಇಂಥವರಿಗೆಂದೇ ಆಶ್ರಯಧಾಮಗಳಿವೆ, ಸಾಂತ್ವನ ಕೇಂದ್ರಗಳಿವೆ. ಸರ್ಕಾರದ ಹಣ ಬಂದರೂ ಬಹಳ ಕಡೆ ನಡೆಸುವುದು ಸಂಘ ಸಂಸ್ಥೆಗಳೇ. ಅವಕ್ಕೆ ಅಧ್ಯಕ್ಷರಿದ್ದಾರೆ, ಕಾರ್ಯದರ್ಶಿಗಳಿದ್ದಾರೆ, ಖಜಾಂಚಿಗಳಿದ್ದಾರೆ. ವಾರ್ಷಿಕೋತ್ಸವಕ್ಕೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲಾ ಉಂಟು.

ಸರಿ. ಆದರೆ ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದರೆ ತೆಗೆಯೋರು ಯಾರು? ಇಂಥ ಸಂಸ್ಥೆಯ ಮುಂದಾಳುತನವನ್ನು ಅಳೆಯುವ ಗಜಕಡ್ಡಿ ಇದೊಂದೇ.

ಐವತ್ತು ವರ್ಷಕ್ಕೂ ಹಿಂದೆ ಈ ಪ್ರಶ್ನೆಯನ್ನು ಎದುರಿಸಿ ಗೆದ್ದ, ಸೋತ, ಮತ್ತೆ ನಿಂತ ಒಂದು ಮನೆಯ ಕಥೆ ಇದೆ. ಮನೆ ಇರುವುದು ದೂರದ ಲಂಡನ್ನಿನಲ್ಲಿ. ಕಷ್ಟ ಮಾತ್ರ ನಮ್ಮ ಕೇರಿಯದೇ.

ಚಹಾ ಕುಡಿಯಲು ಪಡೆದ ಮನೆ

1971ನೇ ಇಸವಿ. ಪಶ್ಚಿಮ ಲಂಡನ್ನಿನ ಚಿಸಿಕ್ ಎಂಬ ಬಡಾವಣೆ. ಎರಿನ್ ಪಿಜ್ಜಿ ಎಂಬ ಗೃಹಿಣಿ ಅಲ್ಲಿನ ಸ್ಥಳೀಯ ಆಡಳಿತದವರಿಂದ ಒಂದು ಪುಟ್ಟ ಹಳೇ ಮನೆ ಪಡೆದರು. ಘನ ಉದ್ದೇಶವೇನೂ ಇರಲಿಲ್ಲ. ಮಕ್ಕಳನ್ನು ನೋಡಿಕೊಂಡು ನಾಲ್ಕು ಗೋಡೆಯ ಒಳಗೇ ಬೇಸತ್ತ ತಾಯಂದಿರು ಬರಲಿ, ಚಹಾ ಕುಡಿದು ನಾಲ್ಕು ಮಾತಾಡಿಕೊಂಡು ಹೋಗಲಿ ಎಂದಷ್ಟೇ.

ಒಂದು ದಿನ ಬಂದ ಹೆಂಗಸು ಮೈಮೇಲಿನ ಬಾಸುಂಡೆ ತೋರಿಸಿದಳು. ತನಗೆ ಯಾರೂ ಸಹಾಯ ಮಾಡುತ್ತಿಲ್ಲ ಎಂದಳು. ಪಿಜ್ಜಿ ಅವಳನ್ನು ವಾಪಸು ಕಳಿಸಲಿಲ್ಲ. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಮಾತಾಡಲು ಪಡೆದ ಮನೆಯಲ್ಲಿ ನೆಲದ ತುಂಬ ಹಾಸಿಗೆ. ತಾಯಂದಿರು, ಮಕ್ಕಳು, ಮೂಟೆಗಳು. ಕಾಲಿಡಲು ಜಾಗವಿಲ್ಲ.

ಆ ಕಾಲದಲ್ಲಿ ಅಲ್ಲಿನ ಪೊಲೀಸರೂ "ಇದು ಮನೆ ಜಗಳ" ಎಂದು ಕೈ ತೊಳೆದುಕೊಳ್ಳುತ್ತಿದ್ದವರೇ. ನಮ್ಮ ಗಾದೆ ಅವರ ಬಾಯಲ್ಲಿ ಇಂಗ್ಲಿಷಿನಲ್ಲಿತ್ತು, ಅಷ್ಟೇ ವ್ಯತ್ಯಾಸ.

ಕೆಲವೇ ವರ್ಷಗಳಲ್ಲಿ ಧರ್ಮಾತ್ಮರೊಬ್ಬರ ನೆರವಿನಿಂದ ಅದೇ ಬಡಾವಣೆಯ ದೊಡ್ಡ ರಸ್ತೆಯಲ್ಲಿ ದೊಡ್ಡ ಮನೆ ಸಿಕ್ಕಿತು. ನಿಯಮ ಮಾತ್ರ ಹಳೆಯದೇ: ಬಾಗಿಲಿಗೆ ಬಂದವಳನ್ನು ಜಾಗವಿಲ್ಲ ಎಂದು ತಿರುಗಿಸಿ ಕಳಿಸುವಂತಿಲ್ಲ.

36ರ ಮನೆಯಲ್ಲಿ 75 ಮಂದಿ

ಇಲ್ಲಿಂದ ಶುರುವಾಯಿತು ತಾಪತ್ರಯ. ಆ ಮನೆಯಲ್ಲಿ 36 ಮಂದಿಗಿಂತ ಹೆಚ್ಚು ಇರಕೂಡದು ಎಂದು ಆಡಳಿತದವರ ಕಟ್ಟಪ್ಪಣೆ. 1976ರಲ್ಲಿ ತಪಾಸಣೆಗೆ ಬಂದು ಎಣಿಸಿದರೆ 75 ಮಂದಿ! ಪಿಜ್ಜಿ ಮೇಲೆ ಕೇಸು ಬಿತ್ತು. "ಇವರೆಲ್ಲ ಒಂದೇ ಸಂಸಾರದವರಂತೆ ಬಾಳುತ್ತಿದ್ದಾರೆ, ಈ ನಿಯಮ ಇವರಿಗೆ ಅನ್ವಯಿಸದು" ಎಂಬುದು ಅವರ ಕಡೆಯ ವಾದ. ಕೇಸು ದೇಶದ ಅತ್ಯುನ್ನತ ನ್ಯಾಯಪೀಠದವರೆಗೆ ಹೋಯಿತು. ದಿನಾ ಬಂದು ಹೋಗುವ ಇಷ್ಟು ಜನ ಒಂದು ಸಂಸಾರವಾಗಲಾರರು ಎಂದು 1977ರಲ್ಲಿ ತೀರ್ಪಾಯಿತು. ಪಿಜ್ಜಿ ಸೋತರು.

ನ್ಯಾಯ ಯಾರ ಕಡೆ? ಇಕ್ಕಟ್ಟಿನ ಮನೆಗೆ ಬೆಂಕಿ ಬಿದ್ದರೆ ಗತಿಯೇನು ಎಂದು ಕೇಳುವುದು ತಪ್ಪಲ್ಲ. ರಾತ್ರಿ ವೇಳೆ 37ನೆಯವಳಾಗಿ ಬಂದು ನಿಂತವಳಿಗೆ ಏನು ಹೇಳುವುದು ಎಂದು ಪಿಜ್ಜಿ ಕೇಳಿದ್ದೂ ತಪ್ಪಲ್ಲ. ಆಶ್ರಯಧಾಮ ನಡೆಸುವವರ ತಲೆನೋವು ಇದೇ ನೋಡಿ. ಎರಡೂ ಕಡೆ ಸರಿ ಇದ್ದಾಗ ಯಾವುದೋ ಒಂದನ್ನು ಆರಿಸಿ, ಅದರ ಫಲವನ್ನು ತಾನೇ ಉಣ್ಣಬೇಕು.

ಗಲಾಟೆ ವ್ಯರ್ಥವಾಗಲಿಲ್ಲ. ಮನೆಯೊಳಗಿನ ಹಿಂಸೆಯ ವಿರುದ್ಧ ಬ್ರಿಟನ್ನಿನಲ್ಲಿ 1976ರಲ್ಲಿ ಕಾನೂನು ಬಂತು. 1977ರಲ್ಲಿ ಮನೆಯಿಲ್ಲದವರ ಕಾನೂನು ಬಂತು. ಹೊಡೆತದ ಭಯದಿಂದ ತನ್ನ ಮನೆಯಲ್ಲಿ ಇರಲಾರದವಳೂ ಮನೆಯಿಲ್ಲದವಳೇ ಎಂದು ಅದರಲ್ಲಿ ಬರೆಯಲಾಯಿತು. ಬಸ್‌ಸ್ಟ್ಯಾಂಡಿನ ಬೆಂಚಿಗೆ ಗೊತ್ತಿದ್ದ ಸತ್ಯ ಪಾರ್ಲಿಮೆಂಟಿಗೂ ತಿಳಿಯಿತು.

ಕಟ್ಟಿದವರು ಹೋದರು, ಮನೆ ಉಳಿಯಿತು

ಕಥೆಗೆ ಇನ್ನೊಂದು ಮುಖವಿದೆ. ಚಿಸಿಕ್ ನೋಡಿ ಬೇರೆ ಊರುಗಳಲ್ಲೂ ಇಂಥ ಮನೆಗಳು ಎದ್ದವು. 1974ರಲ್ಲಿ ಅವರೆಲ್ಲ ಕೂಡಿ ಒಂದು ಒಕ್ಕೂಟ ಮಾಡಿಕೊಂಡರು. ಎಲ್ಲರೂ ಕೂತು ತೀರ್ಮಾನಿಸಬೇಕು, ಒಬ್ಬರ ಮಾತೇ ನಡೆಯಕೂಡದು ಎಂಬುದು ಅವರ ಪಟ್ಟು. ಪೇಪರಿನಲ್ಲಿ ಫೋಟೋ ಪಿಜ್ಜಿಯವರದು, ದೇಣಿಗೆ ಚಿಸಿಕ್‌ಗೆ ಎಂಬ ಅಸಮಾಧಾನವೂ ಸೇರಿತು. ಪಿಜ್ಜಿ ಒಕ್ಕೂಟದಿಂದ ಹೊರಗೇ ಉಳಿದರು. 1980ರ ದಶಕದ ಆರಂಭದಲ್ಲಿ ತಾವೇ ಕಟ್ಟಿದ ಮನೆಯಿಂದಲೂ ದೂರವಾದರು.

ಆಗ ಬಾಗಿಲು ಮುಚ್ಚಬೇಕಿತ್ತಲ್ಲವೆ? ಮುಚ್ಚಲಿಲ್ಲ. 1983ರಲ್ಲಿ ಸಾಂಡ್ರಾ ಹಾರ್ಲಿ ಎಂಬಾಕೆ ಹೊಣೆ ಹೊತ್ತರು. 2020ರವರೆಗೆ, ಅಂದರೆ 37 ವರ್ಷ, ನಡೆಸಿದರು. 1993ರಲ್ಲಿ ಸಂಸ್ಥೆಗೆ 'ರೆಫ್ಯೂಜ್' ಎಂಬ ಹೆಸರಾಯಿತು. ಇವತ್ತಿಗೂ ನಡೆಯುತ್ತಿದೆ.

ಇಬ್ಬರಲ್ಲಿ ಯಾರು ದೊಡ್ಡವರು ಎಂಬ ತಕರಾರು ಬೇಡ. ಬಾಗಿಲು ತೆಗೆಯಲು ಎದೆಗಾರಿಕೆ ಬೇಕು, ಅದು ಪಿಜ್ಜಿಯವರಲ್ಲಿತ್ತು. ಅದು ಮುಚ್ಚದಂತೆ ನೋಡಿಕೊಳ್ಳಲು ಲೆಕ್ಕ ಬೇಕು, ಸಿಬ್ಬಂದಿ ಬೇಕು, ಕಟ್ಟಿದವರು ಎದ್ದು ಹೋದರೂ ಕೂರಲು ಇನ್ನೊಬ್ಬರು ಬೇಕು. ಬೀಗದ ಕೈ ಒಬ್ಬರ ಸೊಂಟದಲ್ಲೇ ತೂಗುತ್ತಿದ್ದರೆ ಅವರಿಗೆ ಜ್ವರ ಬಂದ ದಿನ ಮನೆಗೇ ಜ್ವರ.

ಇಲ್ಲಿ ಕಾಯಿದೆ ಏನು ಹೇಳುತ್ತದೆ?

ಇನ್ನು ನಮ್ಮ ಕಡೆಗೆ ಬರೋಣ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ 2005ರದು. ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 6ನೇ ಕಲಮನ್ನು ಪ್ರತಿಯೊಂದು ಆಶ್ರಯಧಾಮದ ಗೋಡೆಗೆ ಅಂಟಿಸಬೇಕು. ನೊಂದವಳು ಕೇಳಿದರೆ, ಅಥವಾ ಅವಳ ಪರವಾಗಿ ಸಂರಕ್ಷಣಾಧಿಕಾರಿಯೋ ಸೇವಾ ಸಂಸ್ಥೆಯೋ ಕೇಳಿದರೆ, ಆಶ್ರಯಧಾಮದ ಹೊಣೆ ಹೊತ್ತವರು ಆಶ್ರಯ ಕೊಡಬೇಕು. "ನೋಡೋಣ, ಕಮಿಟಿಯಲ್ಲಿ ಇಡೋಣ" ಎಂಬ ಮಾತು ಆ ಕಲಮಿನಲ್ಲಿಲ್ಲ.

ತಾನಿಲ್ಲಿರುವುದನ್ನು ತಿಳಿಸಬೇಡಿ ಎಂದು ಅವಳು ಬಯಸಿದರೆ, ಹೊಡೆದವನಿಗೆ ಆ ವಿಷಯ ತಿಳಿಸಕೂಡದು ಎಂದು 2006ರ ನಿಯಮಗಳು ಹೇಳುತ್ತವೆ. ಗಂಡನ ಕಡೆಯ ದೊಡ್ಡ ಮನುಷ್ಯರು ಅಧ್ಯಕ್ಷರಿಗೆ ಫೋನು ಮಾಡಿ "ನಮ್ಮ ಹುಡುಗಿ ನಿಮ್ಮಲ್ಲಿದ್ದಾಳಂತೆ" ಎಂದಾಗ ನಾಲಿಗೆ ಬಿಗಿಹಿಡಿಯುವುದೂ ಮುಂದಾಳುತನವೇ.

ಕೋರ್ಟಿಗೆ ಅರ್ಜಿ ಕೊಟ್ಟರೆ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಆಗಬೇಕು, ಅರವತ್ತು ದಿನದೊಳಗೆ ಇತ್ಯರ್ಥಕ್ಕೆ ಯತ್ನಿಸಬೇಕು. ಗಂಡನೊಡನೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕೂ ಅವಳಿಗುಂಟು. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅಂಗನವಾಡಿಯ ಕೆಲಸವೂ ಅವರದೇ, ಇದೂ ಅವರದೇ. 2015ರಲ್ಲಿ ಶುರುವಾದ 'ಸಖಿ' ಕೇಂದ್ರಗಳ ಯೋಜನೆಯಲ್ಲಿ ತಂಗಲು ಸಿಗುವುದು ಹೆಚ್ಚೆಂದರೆ ಐದು ದಿನ. ಆರನೇ ದಿನ? ಆಗಲೇ ಸಂಘ ಸಂಸ್ಥೆಯವರ ಬಾಗಿಲು ಬೇಕಾಗುವುದು.

ಬಾಗಿಲಿನ ಹಿಂದೆ ಕಳ್ಳನಿದ್ದರೆ

ಬಾಗಿಲು ತೆರೆದರೆ ಸಾಲದು, ಒಳಗೇನು ನಡೆಯುತ್ತದೆ ಎಂದು ನೋಡೋರೂ ಬೇಕು. ಬಿಹಾರದ ಮುಜಫ್ಫರ್‌ಪುರ ಮರೆಯುವಂಥದ್ದಲ್ಲ. ಅಲ್ಲಿ ಸಂಸ್ಥೆಯೊಂದು ಬಾಲಕಿಯರ ಆಶ್ರಯಧಾಮ ನಡೆಸುತ್ತಿತ್ತು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಹೋಗಿ ಪರಿಶೀಲಿಸಿದಾಗ ಹೊರಬಿದ್ದ ಸಂಗತಿ 2018ರಲ್ಲಿ ದೇಶವನ್ನೇ ನಡುಗಿಸಿತು. ರಕ್ಷಣೆಗೆಂದು ಬಿಟ್ಟ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ. ಧಾಮ ನಡೆಸುತ್ತಿದ್ದವನಿಗೇ 2020ರಲ್ಲಿ ದೆಹಲಿಯ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. ಊರಿನಲ್ಲಿ ದೊಡ್ಡ ಮನುಷ್ಯ ಎನ್ನಿಸಿಕೊಂಡಿದ್ದವನೇ ಆತ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ.

ಹಾಗೆಂದು ಎಲ್ಲರನ್ನೂ ಅನುಮಾನಿಸಬೇಕೇ? ಬೇಡ. ಲೆಕ್ಕ ಕೇಳಬೇಕು, ಅಷ್ಟೇ. ಒಳ್ಳೆಯವರು ಲೆಕ್ಕ ಕೇಳಿದರೆ ಮುನಿಸಿಕೊಳ್ಳುವುದಿಲ್ಲ.

ಅಕ್ಕಿ ಮೂಟೆ ಕೊಡೋರು ಕೇಳಬೇಕಾದ್ದು

ಊರಿನ ಆಶ್ರಯಧಾಮಗಳಿಗೆ ಅಕ್ಕಿ ಮೂಟೆ, ಎಣ್ಣೆ ಡಬ್ಬ, ದೀಪಾವಳಿಗೆ ಸೀರೆ ಕೊಡುವವರು ಪೇಟೆಯ ವರ್ತಕರೇ. ಕೊಟ್ಟು, ಫೋಟೋ ತೆಗೆಸಿಕೊಂಡು ಬಂದುಬಿಡುತ್ತಾರೆ. ಅಂಗಡಿಯಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ನಿದ್ದೆ ಬಾರದವರು ಇಲ್ಲಿ ಮಾತ್ರ ಒಂದು ಪ್ರಶ್ನೆ ಕೇಳುವುದಿಲ್ಲ.

ಕೇಳಬಹುದಾದವು ಇವು. ರಾತ್ರಿ ಪಾಳಿಯಲ್ಲಿ ಯಾರಿರುತ್ತಾರೆ, ಅವರ ಸಂಬಳ ತಿಂಗಳು ತಿಂಗಳು ಆಗುತ್ತಿದೆಯೇ? ಆಡಳಿತ ಮಂಡಳಿಯಲ್ಲಿ ಒಂದೇ ಮನೆಯವರು ಎಷ್ಟು ಮಂದಿ? ಒಳಗಿರುವ ಹೆಂಗಸಿಗೆ ದೂರು ಇದ್ದರೆ, ವಾರ್ಡನ್ ದಾಟಿ ಹೇಳಿಕೊಳ್ಳಲು ಹೊರಗಿನವರು ಯಾರಿದ್ದಾರೆ? ಕಾರ್ಯದರ್ಶಿಗಳು ಆರು ತಿಂಗಳು ಹಾಸಿಗೆ ಹಿಡಿದರೆ ನಡೆಸೋರು ಯಾರು? ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ 1960ರದು. ಅದರಂತೆ ಸಂಘದವರು ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಲೆಕ್ಕಪತ್ರವನ್ನು ರಿಜಿಸ್ಟ್ರಾರರಿಗೆ ಒಪ್ಪಿಸಬೇಕು. "ಹೋದ ವರ್ಷದ್ದು ಒಂದು ಪ್ರತಿ ಕೊಡಿ ಸ್ವಾಮಿ" ಎನ್ನುವುದು ಅವಮಾನದ ಮಾತಲ್ಲ.

ಇದಕ್ಕೆಲ್ಲ ನೇರ ಉತ್ತರ ಕೊಡುವ ಮಹಾತಾಯಿಯರೂ ಮಹನೀಯರೂ ನಾಡಿನಲ್ಲಿದ್ದಾರೆ. ಅವರ ಹೆಸರು ಪೇಪರಿಗೆ ಬರುವುದು ಕಮ್ಮಿ. ರಾತ್ರಿ ಬಾಗಿಲು ತೆಗೆದವರಿಗೆ ಬೆಳಿಗ್ಗೆ ಸಭೆಗೆ ಹೋಗಲು ಪುರಸೊತ್ತೆಲ್ಲಿ?

ಬಸ್ಸಿನವರಿಗೂ ಒಂದು ಮಾತು. ಇವತ್ತು ರಾತ್ರಿ ಆ ಸಿಮೆಂಟು ಬೆಂಚಿನ ಮೇಲೆ ಯಾರಾದರೂ ಕೂತಿದ್ದರೆ ಗಾದೆ ಹೇಳಿ ಮುಂದೆ ಹೋಗಬೇಡಿ. ಹೆಣ್ಣುಮಕ್ಕಳ ಸಹಾಯವಾಣಿ 181. ಮೂರೇ ಅಂಕಿ. ಫೋನು ಮಾಡಿ, ಅವಳನ್ನು ಕರೆದೊಯ್ಯಲು ಯಾರಾದರೂ ಬರುವ ತನಕ ಒಂದು ಲೋಟ ಚಹಾ ಕೊಡಿಸಿ, ಅಲ್ಲೇ ನಿಂತಿರಿ. ಚಿಸಿಕ್‌ನ ಮನೆ ಶುರುವಾಗಿದ್ದೂ ಚಹಾದಿಂದಲೇ.