ಹಗುರ ಬ್ರೌಸರ್‌ನಲ್ಲಿ ಒತ್ತಕ್ಷರ ಕೂರುತ್ತದೆಯೇ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಕನಿಷ್ಠ 4 ಜಿಬಿ ರ‍್ಯಾಮ್ ಇರಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದ್ದಾದರೂ ಆಗಿರಬೇಕು. ಇದ್ಯಾವುದೂ ಇಲ್ಲದ, ಆದರೆ ಗುಂಡಿ ಒತ್ತಿದರೆ ಇವತ್ತಿಗೂ ಆನ್ ಆಗುವ ಕಂಪ್ಯೂಟರುಗಳು ಬೆಂಗಳೂರಿನ ಮನೆಗಳ ಮೂಲೆಯಲ್ಲಿ, ಶಾಲೆಗಳ ಲ್ಯಾಬಿನಲ್ಲಿ, ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬೇಕಾದಷ್ಟಿವೆ.

ಇಂಥ ಯಂತ್ರಗಳಿಗೆ ಗ್ನೂ/ಲಿನಕ್ಸ್ ಹಾಕಿ ಮತ್ತೆ ದುಡಿಸಬಹುದು ಎಂದು ವರ್ಷಗಳಿಂದ ಹೇಳುತ್ತ, ಮಾಡಿಯೂ ತೋರಿಸುತ್ತ ಬಂದ ಬಳಗವೊಂದು ನಮ್ಮ ವಿಲ್ಸನ್ ಗಾರ್ಡನ್‌ನಲ್ಲೇ ಕಚೇರಿ ಇಟ್ಟುಕೊಂಡಿದೆ. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ, ಚಿಕ್ಕದಾಗಿ ಎಫ್‌ಎಸ್‌ಎಂಕೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಲಿನಕ್ಸ್ ಬಳಕೆದಾರರ ಗುಂಪು ಕಟ್ಟುವುದು, ರಜೆಯಲ್ಲಿ ಶಿಬಿರ ನಡೆಸುವುದು ಇವರ ಕೆಲಸ. ಗುರಪ್ಪನಪಾಳ್ಯದ ಕೊಳೆಗೇರಿಯೊಂದರಲ್ಲಿ ನಡೆದ ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್‌ನ ಹಿಂದೆಯೂ ಇದೇ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರಿದ್ದರು. ಯಾರೋ ದಾನ ಕೊಟ್ಟ ಹಳೆಯ ಕಂಪ್ಯೂಟರುಗಳು, ಅವುಗಳಲ್ಲಿ ಲಿನಕ್ಸ್, ಕಲಿಸಲು ಬರುವ ಸಾಫ್ಟ್‌ವೇರ್ ಎಂಜಿನಿಯರುಗಳು. ಅಲ್ಲಿನ ಮಕ್ಕಳು ಗಿಂಪ್ ತೆರೆದು ಚಿತ್ರ ಬರೆದರು.

ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕುವುದು ಈಗ ಕಷ್ಟದ ಮಾತಲ್ಲ. ಪೆನ್‌ಡ್ರೈವ್ ಸಿಕ್ಕಿಸಿ ಅರ್ಧ ಗಂಟೆ ಕೂತರೆ ಆಯಿತು. ತೊಡಕು ಶುರುವಾಗುವುದು ಅದಾದ ಮೇಲೆ. ಡೆಸ್ಕ್‌ಟಾಪ್ ಸಲೀಸಾಗಿ ಓಡುತ್ತದೆ, ಟೈಪ್ ಮಾಡಿದರೆ ಅಕ್ಷರ ತಕ್ಷಣ ಮೂಡುತ್ತದೆ, ಎಲ್ಲ ಸರಿ ಎನ್ನುವಷ್ಟರಲ್ಲಿ ಬ್ರೌಸರ್ ತೆರೆದು ನಾಲ್ಕು ಟ್ಯಾಬ್ ಹಾಕಿದರೆ ಮೌಸ್ ಕೂಡ ಅಲುಗಾಡುವುದಿಲ್ಲ. ಇವತ್ತು ಕಂಪ್ಯೂಟರಿನ ವಯಸ್ಸು ನಿರ್ಧರಿಸುತ್ತಿರುವುದು ಆಪರೇಟಿಂಗ್ ಸಿಸ್ಟಮ್ ಅಲ್ಲ, ಬ್ರೌಸರ್.

ಅಷ್ಟೊಂದು ರ‍್ಯಾಮ್ ಹೋಗುವುದೆಲ್ಲಿಗೆ? ಒಂದು ಚಿತ್ರದಿಂದಲೇ ಲೆಕ್ಕ ಹಾಕೋಣ. ಮೊಬೈಲಿನಲ್ಲಿ ತೆಗೆದ 4000 ಗುಣಿಸು 3000 ಚುಕ್ಕಿಗಳ ಫೋಟೊ ಜೆಪೆಗ್ ಕಡತವಾಗಿ 3 ಎಂಬಿ ಇರಬಹುದು. ಆದರೆ ಪರದೆಯ ಮೇಲೆ ತೋರಿಸಲು ಅದನ್ನು ಬಿಚ್ಚಲೇಬೇಕು. ಬಿಚ್ಚಿದಾಗ ಪ್ರತಿ ಚುಕ್ಕಿಗೂ 4 ಬೈಟ್, ಒಟ್ಟು 4 ಕೋಟಿ 80 ಲಕ್ಷ ಬೈಟ್, ಅಂದರೆ ಸುಮಾರು 48 ಎಂಬಿ. ಪುಟದಲ್ಲಿ ಅದು ಬೆರಳುಗುರಿನಷ್ಟೇ ಕಂಡರೂ ಸರಿಯೆ, ಹಾಕಿದವರು ಕುಗ್ಗಿಸಿ ಹಾಕದಿದ್ದರೆ ಬಿಚ್ಚುವ ಕೆಲಸ ನಿಮ್ಮ ಕಂಪ್ಯೂಟರಿನದು. ಇದರ ಮೇಲೆ ಜಾವಾಸ್ಕ್ರಿಪ್ಟ್. ಪುಟದ ಜೊತೆ ಬರುವ ಆ ಪ್ರೋಗ್ರಾಮನ್ನು ಬ್ರೌಸರ್ ಓದಿ, ಯಂತ್ರದ ಭಾಷೆಗೆ ತಿರುಗಿಸಿ, ಎರಡನ್ನೂ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಜಾಹೀರಾತು ತರುವ, ನೀವು ಎಲ್ಲಿ ಕ್ಲಿಕ್ಕಿಸಿದಿರಿ ಎಂದು ಎಣಿಸುವ ಪ್ರೋಗ್ರಾಮುಗಳೂ ಇದೇ ಸಾಲಿನಲ್ಲಿ ಬಂದು ಕೂರುತ್ತವೆ.

ಭದ್ರತೆಗೂ ಬೆಲೆ ಇದೆ. 2008ರಲ್ಲಿ ಬಂದ ಕ್ರೋಮ್ ಟ್ಯಾಬುಗಳನ್ನು ಬೇರೆ ಬೇರೆ ಪ್ರೊಸೆಸ್‌ಗಳಾಗಿ ಓಡಿಸತೊಡಗಿತು. ಒಂದು ಕೆಟ್ಟರೆ ಇನ್ನೊಂದಕ್ಕೆ ತಾಗಬಾರದೆಂದು. 2018ರಲ್ಲಿ ಪ್ರೊಸೆಸರುಗಳಲ್ಲೇ ಇದ್ದ ಸ್ಪೆಕ್ಟರ್ ಎಂಬ ದೋಷ ಹೊರಬಿದ್ದ ಮೇಲೆ ಪ್ರತಿ ಸೈಟಿಗೂ ಪ್ರತ್ಯೇಕ ಪ್ರೊಸೆಸ್ ಎಂಬುದು ಕ್ರೋಮ್‌ನ ಮಾಮೂಲಿ ನಡೆಯಾಯಿತು. ಇದರಿಂದ ರ‍್ಯಾಮ್ ಬಳಕೆ ಶೇ. 10ರಿಂದ 13ರಷ್ಟು ಏರುತ್ತದೆ ಎಂದು ಗೂಗಲ್ ತಾನೇ ಹೇಳಿತು. ಈ ಖರ್ಚನ್ನು ದುಂದು ಎನ್ನಲಾಗದು. ಬ್ಯಾಂಕಿನ ಪುಟ ತೆರೆದಿರುವಾಗ ಪಕ್ಕದ ಟ್ಯಾಬ್ ಅದರೊಳಗೆ ಇಣುಕದಿರಲು ಕೊಡುವ ಬೆಲೆ ಅದು.

ರ‍್ಯಾಮ್ ತುಂಬಿದರೆ ಕಂಪ್ಯೂಟರ್ ನಿಲ್ಲುವುದಿಲ್ಲ, ತೆವಳುತ್ತದೆ. ಹೆಚ್ಚಾದದ್ದನ್ನು ಹಾರ್ಡ್ ಡಿಸ್ಕಿಗೆ ಸಾಗಿಸಿ, ಬೇಕೆಂದಾಗ ಮತ್ತೆ ತರುತ್ತದೆ. ಅಡುಗೆಮನೆಯಲ್ಲಿ ಜಾಗ ಸಾಲದೆ ಒಗ್ಗರಣೆ ಡಬ್ಬಿಗಾಗಿ ಪ್ರತಿ ಸಲ ಅಟ್ಟ ಹತ್ತಿ ಇಳಿದ ಹಾಗೆ. ರ‍್ಯಾಮಿನಿಂದ ತರಲು ಹಿಡಿಯುವ ಹೊತ್ತು ಸೆಕೆಂಡಿನ ಕೋಟಿಯಲ್ಲೊಂದು ಪಾಲು. ತಿರುಗುವ ಹಾರ್ಡ್ ಡಿಸ್ಕಿನಿಂದ ತರಲು ಸೆಕೆಂಡಿನ ನೂರನೇ ಒಂದು ಪಾಲು. ಒಂದು ಲಕ್ಷ ಪಟ್ಟು ವ್ಯತ್ಯಾಸ. ಹಾಗಾಗಿ ಹಳೆಯ ಯಂತ್ರಕ್ಕೆ ದುಡ್ಡು ಹಾಕುವುದಿದ್ದರೆ ಮೊದಲು ತಿರುಗುವ ಡಿಸ್ಕಿನ ಬದಲು ಒಂದು ಚಿಕ್ಕ ಎಸ್‌ಎಸ್‌ಡಿ ಹಾಕಿಸಿ. ಬ್ರೌಸರ್ ಬದಲಿಸುವ ಮಾತು ಆಮೇಲೆ.

ಬ್ರೌಸರುಗಳು ಹುಟ್ಟಿನಿಂದ ಇಷ್ಟು ದಪ್ಪ ಇರಲಿಲ್ಲ. ಇವತ್ತಿನ ಕ್ರೋಮ್‌ನ ವಂಶ ಹುಡುಕುತ್ತ ಹೋದರೆ ಸಿಗುವುದು ಕೆಡಿಇ ಎಂಬ ಸ್ವತಂತ್ರ ತಂತ್ರಾಂಶ ಬಳಗದ, ಪುಟ ಜೋಡಿಸುವ ಕೆಎಚ್‌ಟಿಎಂಎಲ್ ಎಂಜಿನ್. 2003ರಲ್ಲಿ ಸಫಾರಿ ಬ್ರೌಸರ್ ಬಿಡುಗಡೆ ಮಾಡಿದ ಆಪಲ್, ತಾನು ಇದನ್ನೇ ಆರಿಸಿಕೊಂಡದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ಅದರ ಪುಟ್ಟ ಗಾತ್ರ: 1 ಲಕ್ಷ 40 ಸಾವಿರ ಸಾಲಿಗೂ ಕಡಿಮೆ ಕೋಡ್. ಅದು ವೆಬ್‌ಕಿಟ್ ಆಯಿತು. 2013ರಲ್ಲಿ ಗೂಗಲ್ ಅದರಿಂದ ಕವಲು ಒಡೆದು ಬ್ಲಿಂಕ್ ಮಾಡಿಕೊಂಡಿತು. ಈಗ ಕ್ರೋಮಿಯಂ ಕೋಡಿನ ಸಾಲುಗಳನ್ನು ಕೋಟಿಗಳಲ್ಲಿ ಎಣಿಸಬೇಕು. ಹಗುರ ಎಂದು ಆರಿಸಿ ತಂದದ್ದೇ ಬೆಳೆದು ಈ ಗಾತ್ರಕ್ಕೆ ಬಂದಿದೆ.

ಈ ಓಟಕ್ಕೆ ಇಳಿಯದೆ ಉಳಿದ ಎರಡು ಬ್ರೌಸರುಗಳ ಪರಿಚಯ ಮಾಡಿಕೊಡುತ್ತೇನೆ. ಮೊದಲನೆಯದು ಡಿಲ್ಲೊ. ಚಿಲಿ ದೇಶದ ಹೋರ್ಹೆ ಅರೆಯಾನೊ ಸಿದ್ 1999ರ ಕೊನೆಯಲ್ಲಿ ಶುರು ಮಾಡಿದ್ದು. ಜಾವಾಸ್ಕ್ರಿಪ್ಟ್ ಇಲ್ಲವೇ ಇಲ್ಲ. ಕುಕಿಗಳನ್ನು, ನೀವಾಗಿ ಅನುಮತಿ ಕೊಡುವ ತನಕ, ಒಳಗೆ ಬಿಡುವುದಿಲ್ಲ. ಕಿಟಕಿಯ ಕೆಳಗೊಂದು ಪುಟ್ಟ ಮೀಟರ್ ಇದೆ. ಪುಟ ಬರೆದವರು ಎಚ್‌ಟಿಎಂಎಲ್‌ನಲ್ಲಿ ಮಾಡಿದ ತಪ್ಪುಗಳನ್ನು ಅದು ಎಣಿಸಿ ತೋರಿಸುತ್ತದೆ. ವೆಬ್ ಪುಟ ಬರೆಯಲು ಕಲಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗಲಾರರು. 2015ರ 3.0.5 ಆವೃತ್ತಿಯ ನಂತರ ಯೋಜನೆ ಮಲಗಿಬಿಟ್ಟಿತ್ತು, ಹಳೆಯ ವೆಬ್ ವಿಳಾಸವೂ ಕೈತಪ್ಪಿ ಬೇರೆಯವರ ಪಾಲಾಯಿತು. ಹೊಸಬರು ಕೈಹಾಕಿ 2024ರ ಮೇ ತಿಂಗಳಲ್ಲಿ 3.1 ಹೊರತಂದರು.

ಎರಡನೆಯದು ನೆಟ್‌ಸರ್ಫ್, 2002ರಲ್ಲಿ ರಿಸ್ಕ್ ಓಎಸ್‌ಗಾಗಿ ಹುಟ್ಟಿದ್ದು. ರಿಸ್ಕ್ ಓಎಸ್ ಅಂದರೆ ಬ್ರಿಟನ್ನಿನ ಏಕಾರ್ನ್ ಕಂಪನಿಯ ಕೂಸು. ನಮ್ಮೆಲ್ಲರ ಮೊಬೈಲಿನೊಳಗಿರುವ ಆರ್ಮ್ ಪ್ರೊಸೆಸರಿನ ವಿನ್ಯಾಸ ಹುಟ್ಟಿದ್ದೂ ಅದೇ ಕಂಪನಿಯಲ್ಲಿ. ನೆಟ್‌ಸರ್ಫ್ ಯಾರ ಎಂಜಿನನ್ನೂ ಎರವಲು ತಂದಿಲ್ಲ, ಪುಟ ಜೋಡಿಸುವ ಕೆಲಸವನ್ನೆಲ್ಲ ತಾನೇ ಸಿ ಭಾಷೆಯಲ್ಲಿ ಬರೆದುಕೊಂಡಿದೆ. ಜಾವಾಸ್ಕ್ರಿಪ್ಟ್ ಅಲ್ಪಸ್ವಲ್ಪ ಗೊತ್ತು.

ಹಾಕಿಕೊಳ್ಳುವ ಬಗೆ ಸರಳ. ಡೆಬಿಯನ್ ಅಥವಾ ಅದರ ಬಳಗದ ಲಿನಕ್ಸ್ ಇದ್ದರೆ ಸಿನಾಪ್ಟಿಕ್ ಎಂಬ ಪ್ಯಾಕೇಜ್ ಮ್ಯಾನೇಜರ್ ತೆರೆದು ಡಿಲ್ಲೊ, ನೆಟ್‌ಸರ್ಫ್ ಎಂದು ಹುಡುಕಿ, ಗುರುತು ಹಾಕಿ, ಅನ್ವಯಿಸಿ. ನೆಟ್‌ಸರ್ಫ್‌ನಲ್ಲಿ ಜಿಟಿಕೆ ಎಂದಿರುವುದನ್ನು ಆರಿಸಿಕೊಳ್ಳಿ. ಯಾಕೆಂದು ಮುಂದೆ ಹೇಳುತ್ತೇನೆ. ಹುಡುಕಾಟದಲ್ಲಿ ಸಿಕ್ಕಿದ ಯಾವುದೋ ಸೈಟಿನಿಂದ ಇಳಿಸಿಕೊಳ್ಳಬೇಡಿ. ಡಿಲ್ಲೊ ವಿಳಾಸ ಕೈತಪ್ಪಿದ ಕಥೆ ಈಗಷ್ಟೇ ಓದಿದಿರಲ್ಲ. ಡಿಲ್ಲೊ 3.1 ಅಥವಾ ಅದಕ್ಕಿಂತ ಹೊಸದೇ ಇರಲಿ. ಹಳೆಯದರಲ್ಲಿ ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಸಂಪರ್ಕದ ಸೌಲಭ್ಯ ಇನ್ನೂ ಪ್ರಯೋಗದ ಹಂತದಲ್ಲಿತ್ತು, ಅದಿಲ್ಲದೆ ಇವತ್ತು ಬಹುಪಾಲು ಪುಟ ತೆರೆಯುವುದೇ ಇಲ್ಲ. ಜೊತೆಗೆ ಕನ್ನಡ ಫಾಂಟುಗಳ ಪ್ಯಾಕೇಜನ್ನೂ ಹಾಕಿ. ಲೋಹಿತ್, ಗುಬ್ಬಿ, ನವಿಲು ಮೂರೂ ಒಟ್ಟಿಗೆ ಬರುತ್ತವೆ.

ಇಷ್ಟಾದ ಮೇಲೆ ಎರಡರಲ್ಲೂ ಕನ್ನಡ ವಿಕಿಪೀಡಿಯ ತೆರೆಯಿರಿ. ಜಾವಾಸ್ಕ್ರಿಪ್ಟ್ ಇಲ್ಲದೆಯೂ ಓದಲು ಬರುವ ತಾಣ ಅದು, ಒಳ್ಳೆಯ ಪರೀಕ್ಷೆ. ಡಿಲ್ಲೊದಲ್ಲಿ ಪುಟ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಬರುತ್ತದೆ. ಆದರೆ ಕನ್ನಡ ಬಂದಿರುವುದಿಲ್ಲ. ಅಕ್ಷರಗಳೇನೋ ಇವೆ, ಒತ್ತುಗಳು ಕೆಳಗಿಳಿದಿಲ್ಲ, ಸ್ವರಚಿಹ್ನೆಗಳು ವ್ಯಂಜನಕ್ಕೆ ಅಂಟಿಕೊಂಡಿಲ್ಲ, ಎಲ್ಲವೂ ಬಿಡಿಬಿಡಿಯಾಗಿ ಸಾಲಾಗಿ ನಿಂತಿವೆ. ನೆಟ್‌ಸರ್ಫ್‌ನ ಜಿಟಿಕೆ ರೂಪದಲ್ಲಿ ಅದೇ ಪುಟ ಸರಿಯಾಗಿ ಕಾಣುತ್ತದೆ.

ಫಾಂಟ್ ಒಂದೇ, ಕಂಪ್ಯೂಟರ್ ಒಂದೇ. ವ್ಯತ್ಯಾಸ ಎಲ್ಲಿಂದ ಬಂತು? ಯುನಿಕೋಡ್ ಕನ್ನಡಕ್ಕೆ 128 ಸ್ಥಾನಗಳ ಒಂದು ಕಟ್ಟು ಕೊಟ್ಟಿದೆ. ಅದರಲ್ಲಿ ಸ್ವರ, ವ್ಯಂಜನ, ಸ್ವರಚಿಹ್ನೆ, ಅಂಕಿ, ಹಲಂತದ ಗುರುತು ಇವೆ. ಒತ್ತಕ್ಷರಗಳಿಗೆ ಪ್ರತ್ಯೇಕ ಸ್ಥಾನ ಇಲ್ಲ. ‘ಸ್ತ್ರೀ’ ಎಂದು ನಾವು ಓದುವ ಒಂದೇ ಅಕ್ಷರ ಕಡತದಲ್ಲಿ ಆರು ಸಂಕೇತಗಳಾಗಿ ಕೂತಿರುತ್ತದೆ: ಸ, ಹಲಂತ, ತ, ಹಲಂತ, ರ, ಈಕಾರದ ಚಿಹ್ನೆ. ‘ಸೂರ್ಯ’ ಇನ್ನೂ ಸ್ವಾರಸ್ಯ. ಕಡತದಲ್ಲಿ ರ ಮೊದಲು, ಯ ಆಮೇಲೆ, ನಾವು ಉಚ್ಚರಿಸುವ ಕ್ರಮದಲ್ಲೇ. ಪರದೆಯಲ್ಲಿ ಯ ಮೊದಲು ಬಂದು, ರಕಾರ ಅರ್ಕಾವೊತ್ತಾಗಿ ಅದರ ಬಲಕ್ಕೆ ನಿಲ್ಲಬೇಕು. ಸಂಕೇತಗಳ ಸಾಲನ್ನು ನೋಡಿ, ಯಾವುದು ಒತ್ತಾಗಬೇಕು, ಯಾವುದು ಜಾಗ ಬದಲಿಸಬೇಕು ಎಂದು ತೀರ್ಮಾನಿಸಿ, ಫಾಂಟಿನೊಳಗಿರುವ ಕೋಷ್ಟಕಗಳಿಂದ ಸರಿಯಾದ ಆಕಾರ ಆರಿಸಿ ಕೂರಿಸುವ ಕೆಲಸ ಯಾರಾದರೂ ಮಾಡಬೇಕಲ್ಲ. ಅದನ್ನು ಮಾಡುವ ತಂತ್ರಾಂಶಗಳಲ್ಲಿ ಹೆಸರಾದದ್ದು ಹಾರ್ಫ್‌ಬಜ್. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರ ಒಳಗೂ ಇದೇ ಇದೆ, ಮತ್ತಿದು ಮುಕ್ತ ತಂತ್ರಾಂಶ.

ನೆಟ್‌ಸರ್ಫ್‌ನ ಜಿಟಿಕೆ ರೂಪ ಅಕ್ಷರ ಬರೆಯುವ ಹೊಣೆಯನ್ನು ಪ್ಯಾಂಗೊ ಎಂಬ ತಂತ್ರಾಂಶ ಗ್ರಂಥಾಲಯಕ್ಕೆ ಒಪ್ಪಿಸುತ್ತದೆ, ಪ್ಯಾಂಗೊ ಹಾರ್ಫ್‌ಬಜ್‌ನ ಕೈಗೆ ಕೊಡುತ್ತದೆ. ಡಿಲ್ಲೊ ಆಶ್ರಯಿಸಿರುವುದು ಎಫ್‌ಎಲ್‌ಟಿಕೆ ಎಂಬ ಪುಟ್ಟ ಗ್ರಂಥಾಲಯವನ್ನು. ಅದರ 1.3ನೇ ಸರಣಿ ಒಂದು ಸಂಕೇತಕ್ಕೆ ಒಂದು ಆಕಾರ ಎಂದು ಸಾಲಾಗಿ ಬರೆದು ಮುಗಿಸುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು. ಹಗುರವಾಗಲು ಏನೇನು ಬಿಡಬಹುದು ಎಂದು ಪಟ್ಟಿ ಮಾಡಿದವರ ಮುಂದೆ ಕನ್ನಡ ಇರಲಿಲ್ಲ, ಅಷ್ಟೆ. ನಮ್ಮ ಮಟ್ಟಿಗೆ ಹಗುರ ಬ್ರೌಸರಿನ ಅಳತೆ ಎಷ್ಟು ಎಂಬಿ ಎನ್ನುವುದಕ್ಕಿಂತ ಮೊದಲು ‘ಸೂರ್ಯ’ ಸರಿಯಾಗಿ ಮೂಡುತ್ತಾನೋ ಇಲ್ಲವೋ ಎಂಬುದು. ಟರ್ಮಿನಲ್‌ನಲ್ಲಿ ಓಡುವ, 1992ರಿಂದ ಬದುಕಿರುವ ಲಿಂಕ್ಸ್ ಬ್ರೌಸರಿಗೂ ಇದೇ ಪರೀಕ್ಷೆ ಕೊಡಿ. ಬಹುತೇಕ ಟರ್ಮಿನಲ್‌ಗಳಲ್ಲಿ ಅದೂ ಫೇಲ್.

ನೆಟ್‌ಸರ್ಫ್ ಆದ್ಯತೆಗಳ ಕಿಟಕಿಯಲ್ಲಿ ಫಾಂಟಿನ ಕನಿಷ್ಠ ಗಾತ್ರ ಸ್ವಲ್ಪ ಏರಿಸಿಕೊಳ್ಳಿ. ಇಂಗ್ಲಿಷಿಗೆ ಸರಿಹೋಗುವ ಗಾತ್ರದಲ್ಲಿ ನಮ್ಮ ಒತ್ತುಗಳು ಇರುವೆಯಂತೆ ಕಾಣುತ್ತವೆ. ಜಾಹೀರಾತು ಮರೆಮಾಡುವ, ಜಾವಾಸ್ಕ್ರಿಪ್ಟ್ ಪೂರ್ತಿ ನಿಲ್ಲಿಸುವ ಆಯ್ಕೆಗಳೂ ಅಲ್ಲೇ ಇವೆ, ಎರಡನ್ನೂ ಬಳಸಿ.

ಇದೊಂದರಿಂದಲೇ ಎಲ್ಲ ಕೆಲಸ ಆಗುತ್ತದೆ ಎಂದುಕೊಳ್ಳಬೇಡಿ. ಬ್ಯಾಂಕಿನ ಲಾಗಿನ್, ಸೇವಾ ಸಿಂಧು ಅರ್ಜಿ, ಯೂಟ್ಯೂಬ್ ವಿಡಿಯೊ ಇದರಲ್ಲಿ ನಡೆಯುವುದಿಲ್ಲ. ನಡೆದರೂ ಬ್ಯಾಂಕಿನ ಕೆಲಸ ಇದರಲ್ಲಿ ಮಾಡಬಾರದು ಎಂಬುದೇ ನನ್ನ ಅಭಿಪ್ರಾಯ. ಜಾವಾಸ್ಕ್ರಿಪ್ಟ್ ಇಲ್ಲದ್ದರಿಂದ ದಾಳಿಯ ದಾರಿಗಳು ಕಡಿಮೆಯಾಗುತ್ತವೆ ನಿಜ. ಆದರೆ ಬೆರಳೆಣಿಕೆಯ ಸ್ವಯಂಸೇವಕರು ಬಿಡುವಿನಲ್ಲಿ ನೋಡಿಕೊಳ್ಳುವ ಕೋಡಿನಲ್ಲಿ ದೋಷ ಸಿಕ್ಕರೆ ಮರುದಿನವೇ ತೇಪೆ ಬರುತ್ತದೆಂಬ ಖಾತ್ರಿ ಇಲ್ಲ. 2 ಜಿಬಿ ರ‍್ಯಾಮಿನ ಯಂತ್ರದಲ್ಲಿ ಎರಡು ಬ್ರೌಸರ್ ಇಟ್ಟುಕೊಳ್ಳುವುದೇ ಜಾಣತನ. ಓದುವುದಕ್ಕೆ ನೆಟ್‌ಸರ್ಫ್. ಹಣದ, ಸರ್ಕಾರದ ಕೆಲಸಕ್ಕೆ ಫೈರ್‌ಫಾಕ್ಸ್, ಅದೂ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಸೇರಿಸಿ, ಒಂದೇ ಟ್ಯಾಬ್ ತೆರೆದು, ಕೆಲಸ ಮುಗಿದೊಡನೆ ಮುಚ್ಚಿ. ಫೈರ್‌ಫಾಕ್ಸ್ ಕೂಡ ಮುಕ್ತ ತಂತ್ರಾಂಶವೇ, ಅದರ ಮೆನುಗಳೂ ಕನ್ನಡದಲ್ಲಿ ಸಿಗುತ್ತವೆ.

ಯಂತ್ರ 32 ಬಿಟ್ಟಿನದಾದರೆ ಕಥೆ ಬೇರೆ. ಲಿನಕ್ಸಿನ 32 ಬಿಟ್ ಕ್ರೋಮ್ 2016ರಲ್ಲೇ ನಿಂತಿತು, 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಇನ್‌ಸ್ಟಾಲರ್ ಇಲ್ಲ. ಅಂಥದ್ದನ್ನು ಎಸ್.ಪಿ. ರಸ್ತೆಯಲ್ಲಿ ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡಿ.

ಇನ್ನು ಡಿಲ್ಲೊ ಮಾತು. ಎಫ್‌ಎಲ್‌ಟಿಕೆ 1.4 ಆವೃತ್ತಿ 2024ರ ನವೆಂಬರಿನಲ್ಲಿ ಬಂದಿದೆ, ಪ್ಯಾಂಗೊ ಜೋಡಿಸಿಕೊಳ್ಳುವ ಆಯ್ಕೆ ಅದರಲ್ಲಿದೆ. ಡಿಲ್ಲೊ ಕೋಡ್ ಕ್ರೋಮಿಯಂನಂತೆ ಸಾಗರವಲ್ಲ. ಸಿ++ ಬಲ್ಲ ವಿದ್ಯಾರ್ಥಿ ಕೂತು ಓದಿ ಅರ್ಥಮಾಡಿಕೊಳ್ಳುವಷ್ಟಿದೆ, ಜಿಪಿಎಲ್ ಪರವಾನಗಿಯಲ್ಲಿದೆ, ತಿದ್ದಲು ಯಾರ ಅಪ್ಪಣೆಯೂ ಬೇಡ. ಅಂತಿಮ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ, ಇನ್ನೊಂದು ಹಾಜರಾತಿ ಆ್ಯಪ್ ಬರೆಯುವ ಬದಲು ಡಿಲ್ಲೊಗೆ ಕನ್ನಡ ಕಲಿಸಿ. ಕೆಲಸ ಆದರೆ ತೆಲುಗಿಗೂ ಮಲಯಾಳಕ್ಕೂ ಅದೇ ದಾರಿ ತೆರೆಯುತ್ತದೆ. ಎಲ್ಲಿಂದ ಶುರು ಮಾಡುವುದೆಂದು ತಿಳಿಯದಿದ್ದರೆ ವಿಲ್ಸನ್ ಗಾರ್ಡನ್‌ನ ಎಫ್‌ಎಸ್‌ಎಂಕೆ ಕಚೇರಿ ಕಡೆಗೊಮ್ಮೆ ಬನ್ನಿ, ಶಾಂತಿನಗರ ಬಸ್ ನಿಲ್ದಾಣದಲ್ಲಿ ಇಳಿದರೆ ನಡೆದೇ ಬರಬಹುದು.