ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಶಾಸನಗಳಲ್ಲಿ ಪುರಜೀವನ

ನಗರವರ್ಣನೆಯು ಮಹಾಕಾವ್ಯದ ಅಷ್ಟಾದಶವರ್ಣನೆಗಳಲ್ಲಿ ಒಂದು. ದಂಡಿಯು ಕಾವ್ಯಾದರ್ಶದಲ್ಲಿ ವರ್ಣನೀಯ ವಿಷಯಗಳನ್ನು ಎಣಿಸುವಾಗ ನಗರವನ್ನೇ ಮೊದಲು ಹೆಸರಿಸುತ್ತಾನೆ. ಕನ್ನಡದ ಚಂಪೂಕವಿಗಳು ಈ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದರು. ಅಗಳು, ಕೋಟೆ, ಗೋಪುರ, ಅಂಗಡಿಬೀದಿ, ಸೂಳೆಗೇರಿ ಎಂಬೀ ಕ್ರಮದಲ್ಲಿ ಪುರವು ಓದುಗನ ಕಣ್ಣ ಮುಂದೆ ಬರುತ್ತದೆ. ಆದರೆ ಅಯೋಧ್ಯೆಯಾದರೂ ಹಸ್ತಿನಾವತಿಯಾದರೂ ಅಚ್ಚು ಒಂದೇ ಆದುದರಿಂದ, ಆ ಬೀದಿಯಲ್ಲಿ ನಡೆದಾಡಿದವರ ಬಾಳು ಎಂತಹುದಾಗಿದ್ದಿತೆಂಬುದು ಇದರಿಂದ ತಿಳಿಯುವುದಿಲ್ಲ. ಅದನ್ನು ತಿಳಿಸತಕ್ಕವು ಶಾಸನಗಳು. ಅವುಗಳಲ್ಲಿಯೂ ರಾಜಪ್ರಶಸ್ತಿಯ ವೃತ್ತಕಂದಗಳಲ್ಲ, ಅನಂತರ ಬರುವ ಒರಟು ಗದ್ಯ. ಪಾಠಶಾಲೆಗಳಲ್ಲಿ ಪ್ರಶಸ್ತಿಭಾಗವನ್ನು ಅನ್ವಯಾರ್ಥಸಹಿತವಾಗಿ ಬೋಧಿಸಿ, ಸುಂಕ ಸೀಮೆ ಗದ್ದೆ ಗಾಣಗಳ ಭಾಗ ಬಂದೊಡನೆ ಪುಸ್ತಕವನ್ನು ಮಡಿಸಿಡುವ ಪದ್ಧತಿಯೊಂದುಂಟು. ಇದರಿಂದ ಕಲ್ಲಿನ ಅರ್ಧಭಾಗವು ಓದಿಲ್ಲದಂತೆಯೇ ಆಗುವುದು.

1894ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಮಂಡ್ಯ ಮಳವಳ್ಳಿ ತಾಲ್ಲೂಕುಗಳ ಶಾಸನಗಳು ಸೇರಿವೆ. ಮದ್ದೂರಿನ ಕಡೆಯವು ಅದರಲ್ಲಿ ಮಂಡ್ಯದ ಹೆಸರಿನಡಿಯಲ್ಲಿಯೇ ಬಂದಿವೆ. ಈ ಮೂರು ಊರುಗಳ ಸುತ್ತಣ ನೆಲದಲ್ಲಿ ಮಧ್ಯಯುಗದ ಪುರಜೀವನವನ್ನು ಹುಡುಕುವವರು ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಯೂರೋಪಿನ ಇತಿಹಾಸವನ್ನೋದಿದವರ ಮನಸ್ಸಿನಲ್ಲಿ ಮಧ್ಯಯುಗದ ನಗರವೆಂದೊಡನೆ ಪ್ಯಾರಿಸ್ಸಿನಂತಹ ಚಿತ್ರವು ನಿಲ್ಲುವುದು. 1328ರಲ್ಲಿ ಒಲೆಗಳ ಲೆಕ್ಕ ತೆಗೆದಾಗ ಆ ನಗರದಲ್ಲಿ 61,098 ಒಲೆಗಳಿದ್ದುವು. ಸುತ್ತಲೂ ಗೋಡೆ, ಒಳಗೆ ಸೇತುವೆ, ಮಠ, ವಿದ್ಯಾಪೀಠ. ಒಂದೊಂದು ಕಸುಬಿಗೂ ಒಂದೊಂದು ಕಟ್ಟಳೆ. 1268ರ ಸುಮಾರಿನಲ್ಲಿ ಅಲ್ಲಿಯ ಅಧಿಕಾರಿ ಎತಿಯೆನ್ ಬ್ವಾಲೋ ಎಂಬಾತನು ಸುಮಾರು ನೂರು ಕಸುಬುಗಳ ಕಟ್ಟಳೆಗಳನ್ನು ಒಂದೇ ಗ್ರಂಥದಲ್ಲಿ ಬರೆಯಿಸಿದನು. ಶಿಷ್ಯನು ಎಷ್ಟು ವರ್ಷ ಕಲಿಯಬೇಕು, ರಾತ್ರಿ ದೀಪದ ಬೆಳಕಿನಲ್ಲಿ ಯಾವ ಕೆಲಸವನ್ನು ಮಾಡಕೂಡದು ಎಂಬುದೆಲ್ಲ ಅದರಲ್ಲಿದೆ. ರೇಷ್ಮೆ ನೂಲುವ ಹೆಂಗಸರಿಗೆ ಪ್ರತ್ಯೇಕವಾದ ಕಟ್ಟಳೆಗಳೂ ಇವೆ.

ಇಂತಹ ಮಹಾನಗರವೊಂದು ಶಿಂಷಾನದಿಯ ದಡದಲ್ಲಿ ಇರಲಿಲ್ಲ. ದಕ್ಷಿಣಕ್ಕೆ, ಕಾವೇರಿಯ ದಡದಲ್ಲಿ, ಗಂಗರ ರಾಜಧಾನಿಯಾಗಿದ್ದ ತಲಕಾಡು. ಚೋಳರ ಕೈಸೇರಿ ಅದು ರಾಜರಾಜಪುರವಾಯಿತು. ವಾಯವ್ಯಕ್ಕೆ ಯಾದವನಾರಾಯಣ ಚತುರ್ವೇದಿಮಂಗಲವೆನಿಸಿದ ತೊಣ್ಣೂರು. ದೋರಸಮುದ್ರವು ದೆಹಲಿಯ ಸೈನ್ಯಕ್ಕೆ ಸಿಕ್ಕಿ ಹಾಳಾದ ಮೇಲೆ ಮುಮ್ಮಡಿ ಬಲ್ಲಾಳನು ಅಲ್ಲಿ ನೆಲೆಸಿದನೆಂಬ ಪ್ರತೀತಿಯೂ ಉಂಟು. ಇವೆರಡರ ನಡುವಣ ಸೀಮೆಯಲ್ಲಿ ಹಳ್ಳಿಗಳ ಹೊರತು ಬೇರೆ ಏನೂ ಇರಲಿಲ್ಲವೆಂದು ಕೆಲವರು ತೀರ್ಮಾನಿಸುವುದುಂಟು. ಈ ತೀರ್ಮಾನವು ಅವಸರದ್ದು. ಪ್ಯಾರಿಸ್ಸಿನಲ್ಲಿ ಒಂದೇ ಗೋಡೆಯೊಳಗೆ ಕೂಡಿದ್ದ ಕಾರ್ಯಗಳು ಇಲ್ಲಿ ಹರಿದಿನ ನಡೆಗೆಯ ದೂರದಲ್ಲಿ ಹಂಚಿಹೋಗಿದ್ದುವು. ವಿದ್ಯೆ ಅಗ್ರಹಾರದಲ್ಲಿ, ವ್ಯಾಪಾರ ಸಂತೆಯಲ್ಲಿ, ಉತ್ಸವ ಕ್ಷೇತ್ರದಲ್ಲಿ, ಕಾವಲು ನಾಡಗಾವುಂಡನಲ್ಲಿ. ಗೋಡೆ ಇಲ್ಲದ ಮಾತ್ರಕ್ಕೆ ಪುರಜೀವನವಿಲ್ಲವೆನ್ನುವುದು ಸರಿಯಲ್ಲ.

ಶಬ್ದಗಳೇ ಇದಕ್ಕೆ ಸಾಕ್ಷಿ. ಆದರೆ ಅವು ಮೋಸಗೊಳಿಸುವುದೂ ಉಂಟು. ಮಳವಳ್ಳಿಗೆ ಸೇರಿದ ಮಾರೇಹಳ್ಳಿಯ ನರಸಿಂಹದೇವಾಲಯಕ್ಕೆ ಚೋಳರ ಕಾಲದಲ್ಲಿ ರಾಜಾಶ್ರಯ ವಿಣ್ಣಗರವೆಂಬ ಹೆಸರಿದ್ದಿತು. ರಾಜಾಶ್ರಯವೆಂಬುದು ರಾಜರಾಜಚೋಳನ ಬಿರುದು. ವಿಣ್ಣಗರದಲ್ಲಿ ನಗರವನ್ನು ಕಂಡು ಹಿಗ್ಗಲಾಗದು; ಅದು ವಿಷ್ಣುಗೃಹ ಶಬ್ದದ ತಮಿಳು ತದ್ಭವ. ಇದಕ್ಕೆ ಪ್ರತಿಯಾಗಿ, ಶಾಸನಗಳಲ್ಲಿ ನಕರ ಅಥವಾ ನಖರವೆಂದು ಬರುವ ಮಾತು ನಗರದಿಂದಲೇ ಬಂದುದಾದರೂ ಸ್ಥಳವನ್ನು ಹೇಳದೆ ವರ್ತಕರ ಸಮೂಹವನ್ನು ಹೇಳುತ್ತದೆ. ಕಟ್ಟಡಗಳ ರಾಶಿಯನ್ನಲ್ಲ, ಕೂಡಿ ನಿರ್ಣಯಿಸುವ ಜನರನ್ನು ನಮ್ಮ ಪೂರ್ವಿಕರು ನಗರವೆಂದು ಕರೆದರೆಂಬುದು ಗಮನಾರ್ಹವಾದುದು. ಈ ಸಮೂಹದ ಮುಖ್ಯನು ಪಟ್ಟಣಸ್ವಾಮಿ. ಹಿರಿಯ ವರ್ತಕನು ವಡ್ಡವ್ಯವಹಾರಿ. ಅಯ್ಯಾವೊಳೆಯ ಐನೂರ್ವರ ಹೆಸರು ಕನ್ನಡನಾಡಿನ ಉದ್ದಗಲಕ್ಕೂ ಕಾಣುವುದು.

ಅಗ್ರಹಾರದ ಆಡಳಿತವು ಅಶೇಷಮಹಾಜನಂಗಳದು. ಊರಿನ ಆದಾಯವನ್ನು ವೃತ್ತಿಗಳಾಗಿ ವಿಭಾಗಿಸಿ ಒಬ್ಬೊಬ್ಬರಿಗೆ ಹಂಚಿರುವುದು. ವೃತ್ತಿಯನ್ನು ಮಾರುವುದೂ ಅಡವಿಡುವುದೂ ಇದ್ದುದರಿಂದ, ವೇದಘೋಷದ ಬೀದಿಯಲ್ಲಿಯೇ ಕ್ರಯಪತ್ರಗಳ ವ್ಯವಹಾರವೂ ನಡೆಯುತ್ತಿದ್ದಿತು. ಅಗ್ರಹಾರದ ಗಿಳಿಗಳೂ ಶಾಸ್ತ್ರವಾದ ಮಾಡುವುವೆಂದು ಹೊಗಳುವುದು ಕವಿಸಮಯ. ಗಿಳಿಗಳ ಒಡೆಯರು ಗದ್ದೆಯ ಎಲ್ಲೆಗಾಗಿ ವಾದಿಸುತ್ತಿದ್ದುದು ಲೋಕಾನುಭವ. ಮದ್ದೂರು, ಮಳವಳ್ಳಿಗಳ ಕಡೆ ತಮಿಳು ಶಾಸನಗಳೂ ಕನ್ನಡ ಶಾಸನಗಳೂ ಕೂಡಿಯೇ ದೊರೆಯುವುದರಿಂದ, ಇಲ್ಲಿಯ ಸಭೆಗಳಲ್ಲಿ ಎರಡು ಭಾಷೆಗಳ ಬಳಕೆಯಿದ್ದಿತೆಂದು ಊಹಿಸಬಹುದು. ಅಲ್ಲಿ ಪ್ಯಾರಿಸ್ಸಿನ ವಿದ್ಯಾಪೀಠದಲ್ಲಿಯೂ ನಾನಾ ದೇಶದ ವಿದ್ಯಾರ್ಥಿಗಳು ತಂತಮ್ಮ ದೇಶದ ಗುಂಪು ಕಟ್ಟಿಕೊಂಡಿದ್ದರು.

ದಿನದಿನದ ಬಾಳು ಸ್ಪಷ್ಟವಾಗಿ ಕಾಣುವುದು ತೆರಿಗೆಗಳ ಪಟ್ಟಿಯಲ್ಲಿ. ಹೊಯ್ಸಳರ ಕಾಲದ ಶಾಸನಗಳಲ್ಲಿ ಸಿದ್ಧಾಯವು ನೆಲದ ನಿಶ್ಚಿತವಾದ ಕಂದಾಯ, ಹೆಜ್ಜುಂಕವು ದೊಡ್ಡ ಸರಕುಗಳ ಸುಂಕ, ಕಿರುಕುಳವು ಚಿಲ್ಲರೆಯದು. ಪೀಡೆಯೆಂಬ ಅರ್ಥದಲ್ಲಿ ಈಗ ಬಳಸುವ ಕಿರುಕುಳ ಶಬ್ದವನ್ನು ಕೇಳಿದವರು ಆ ಸುಂಕವನ್ನು ತೆತ್ತವರ ಮನಸ್ಸನ್ನು ತಾವೇ ಊಹಿಸಿಕೊಳ್ಳಲಿ. ಗಾಣದೆರೆ, ಮಗ್ಗದೆರೆ, ಮನೆವಣ ಇವು ಕಸುಬಿನ ಮೇಲೂ ಮನೆಯ ಮೇಲೂ ಬಿದ್ದುವು. ಕುಮಾರಗಾಣಿಕೆ, ಕಟಕಸೇಸೆ ಇವು ಅರಮನೆಯ ಪರವಾಗಿ, ಸೈನ್ಯದ ಪರವಾಗಿ ಕೊಡತಕ್ಕವು. ದೇವಾಲಯಕ್ಕೆ ದತ್ತಿ ಬಿಡುವುದೆಂದರೆ ಅನೇಕ ವೇಳೆ ಇಂತಹ ಒಂದು ತೆರಿಗೆಯನ್ನು ಅರಮನೆಯಿಂದ ದೇವರ ಕಡೆಗೆ ತಿರುಗಿಸುವುದೇ ಹೊರತು, ತೆರುವವನಿಗೆ ಬಿಡುಗಡೆಯಲ್ಲ. ಎತ್ತಿನ ಹೇರಿಗಿಷ್ಟು, ಕತ್ತೆಯ ಹೇರಿಗಿಷ್ಟು, ತಲೆಹೊರೆಗಿಷ್ಟು ಎಂದು ಅಳತೆಗೆ ತಕ್ಕ ನಿಬಂಧವಿರುವಲ್ಲಿ ಸಂತೆಯ ಹಾದಿಯೇ ಕಣ್ಣಿಗೆ ಕಟ್ಟುವುದು: ಮುಂದೆ ಎತ್ತು, ಹಿಂದೆ ಕತ್ತೆ, ಬದಿಯಲ್ಲಿ ತಲೆಯ ಮೇಲೆ ವೀಳ್ಯದೆಲೆಯ ಹೊರೆ ಹೊತ್ತವನು. ನಂದಾದೀವಿಗೆಗಾಗಿ ಗಾಣದವರು ಸೊಲ್ಲಗೆಯ ಲೆಕ್ಕದಲ್ಲಿ ಎಣ್ಣೆ ಕೊಡುವ ಕಟ್ಟಳೆಯೂ ಹೀಗೆಯೇ. ಬಸರಾಳಿನಲ್ಲಿ 1234ರಲ್ಲಿ ಹರಿಹರ ದಣ್ಣಾಯಕನು ಇಮ್ಮಡಿ ನರಸಿಂಹನ ಆಳಿಕೆಯಲ್ಲಿ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯವನ್ನು ನೋಡುವವರು ಶಿಲ್ಪವನ್ನು ಮೆಚ್ಚುತ್ತಾರೆ. ಅಂತಹ ಗುಡಿಯಲ್ಲಿ ದಿನವೂ ದೀಪವುರಿಯುವುದಕ್ಕೆ ಎಷ್ಟು ಗಾಣಗಳು ತಿರುಗಬೇಕಾಗಿದ್ದಿತೆಂಬುದನ್ನೂ ಎಣಿಸುವುದು ಉಚಿತ.

ನೀರಿನ ವಿಷಯದಲ್ಲಿ ಈ ಸೀಮೆಯ ಜನರು ಅನೇಕ ಯೂರೋಪೀಯ ನಗರಗಳಿಗಿಂತ ಹೆಚ್ಚು ವ್ಯವಸ್ಥೆಯುಳ್ಳವರಾಗಿದ್ದರು. ಪ್ಯಾರಿಸ್ಸಿನ ಬೀದಿಯ ಕೆಸರಿನ ದುರ್ಗಂಧವನ್ನು ಸಹಿಸಲಾರದೆ ಫಿಲಿಪ್ ರಾಜನು 12ನೆಯ ಶತಮಾನದ ಕೊನೆಯಲ್ಲಿ ಮುಖ್ಯವಾದ ಬೀದಿಗಳಿಗೆ ಕಲ್ಲು ಹಾಸಿಸಿದನೆಂದು ಅವನ ಚರಿತ್ರಕಾರನು ಬರೆದಿದ್ದಾನೆ. ಇಲ್ಲಿ ಕೆರೆಯೇ ಊರಿನ ಪ್ರಾಣ. ಕೆರೆಯನ್ನು ಕಟ್ಟಿಸಿದವನಿಗೂ ಕಾಪಾಡಿದವನಿಗೂ ಕಟ್ಟುಕೊಡಗೆ. ಅದರ ನೀರಿನಲ್ಲಿ ಬೆಳೆದುದರ ಒಂದು ಪಾಲು ಬಿತ್ತುವಟ್ಟ. ಹೂಳೆತ್ತುವ ಬಂಡಿಗೂ ಕೋಣಗಳಿಗೂ ಬಿಟ್ಟ ಭೂಮಿ. ಕಟ್ಟಿಸಿದವನ ಕೀರ್ತಿಯು ಪದ್ಯದಲ್ಲಿರುವುದು. ಹೂಳೆತ್ತುವ ಬಂಡಿಯು ಗದ್ಯದಲ್ಲಿರುವುದು.

ಹೊಯ್ಸಳರಿಗಿಂತ ಹಿಂದಿನ ಒಂದು ಶಾಸನವನ್ನು ಇಲ್ಲಿ ವಿಸ್ತಾರವಾಗಿ ನೋಡಬೇಕು. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಶಕವರ್ಷ 872, ಎಂದರೆ ಕ್ರಿ. ಶ. 949-50ರದು; ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಇತಿಹಾಸಕಾರರಿಗೆ ಇದು ಪ್ರಿಯವಾದುದು ತಕ್ಕೋಲದ ಯುದ್ಧಕ್ಕಾಗಿ: ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದು, ಬನವಾಸಿ ಪನ್ನಿರ್ಚ್ಛಾಸಿರ ಮುಂತಾದ ನಾಡುಗಳನ್ನು ಪಡೆದುದು ಇದರಿಂದ ತಿಳಿಯುವುದು. ಆದರೆ ಕಲ್ಲು ನಿಂತುದು ಯುದ್ಧಕ್ಕಾಗಿ ಅಲ್ಲ, ಒಂದು ನಾಯಿಗಾಗಿ. ಬೂತುಗನ ಬಂಟ ಮಣಲೇರನ ಶೌರ್ಯಕ್ಕೆ ಒಡೆಯನು ಮೆಚ್ಚಿ ಬೇಡಿಕೊಳ್ಳೆಂದಾಗ, ಅವನು ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿದನು. ಬೆಳತೂರಿನ ಪಡುವಣ ದಿಣ್ಣೆಯಲ್ಲಿ ಆ ನಾಯಿಯೂ ಒಂದು ದೊಡ್ಡ ಹಂದಿಯೂ ಹೋರಾಡಿ ಕೂಡಿ ಸತ್ತುವು. ಆತಕೂರಿನಲ್ಲಿ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ, ಮೇಲೆ ಆ ಕಾಳಗವನ್ನು ಕೆತ್ತಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಗೊರವನು ಉಂಡರೆ ನಾಯಿಯ ಪಾಪವು ಅವನಿಗೆ ತಟ್ಟುವುದು. ಗುಡಿ, ಪೂಜಾರಿ, ಹಿರಿಯ ಕೆರೆ, ಅದರ ಕೆಳಗಣ ಗದ್ದೆ, ದಿಣ್ಣೆಯ ಕಾಡು, ಬೇಟೆ: ಹತ್ತನೆಯ ಶತಮಾನದ ಊರೊಂದು ಹತ್ತಾರು ಮಾತುಗಳಲ್ಲಿ ಇಡಿಯಾಗಿ ನಿಂತಿದೆ. ಯಾವ ಚಂಪೂಕಾವ್ಯದ ನಗರವರ್ಣನೆಯೂ ಇದಕ್ಕೆ ಸರಿಯಾಗಲಾರದು.

ಇಷ್ಟಾದರೂ, ನಾಯಿಯ ಹೆಸರನ್ನು ಉಳಿಸಿದ ಈ ಸೀಮೆಯ ಶಾಸನಗಳು ಅನೇಕ ಮನುಷ್ಯರ ಹೆಸರನ್ನು ಉಳಿಸಲಿಲ್ಲ. ಯೂರೋಪಿನ ಹಲವು ನಗರಗಳಲ್ಲಿ, ಒಡೆಯನ ಭೂಮಿಯನ್ನು ಬಿಟ್ಟು ಓಡಿಬಂದ ಜೀತದಾಳು ಒಂದು ವರ್ಷದ ಮೇಲೆ ಒಂದು ದಿನ ಗೋಡೆಯೊಳಗೆ ಬಾಳಿದರೆ ಸ್ವತಂತ್ರನಾಗುವನೆಂಬ ಪದ್ಧತಿಯಿದ್ದಿತು. ಅಗ್ರಹಾರವಾಗಲಿ ಸಂತೆಯಾಗಲಿ ಯಾರಿಗೂ ಅಂತಹ ಬಿಡುಗಡೆಯನ್ನು ಕೊಟ್ಟುದಿಲ್ಲ. ಗೋಡೆಯಿಲ್ಲದ ಊರು ತನ್ನ ಎಲ್ಲೆಯನ್ನು ಕೇರಿಗಳಲ್ಲಿ ಹಾಕಿಕೊಂಡಿದ್ದಿತು. ದಾನಿಗಳ ಪಟ್ಟಿಯಲ್ಲಿ ಸೆಟ್ಟಿ, ಗಾವುಂಡ, ದಣ್ಣಾಯಕರಿರುವರು. ಸಾಕ್ಷಿಗಳ ಪಟ್ಟಿಯಲ್ಲಿ ಸೇನಬೋವನಿರುವನು. ತುರುಗಾಳಗದಲ್ಲಿ ಸತ್ತವನು ವೀರಗಲ್ಲಿನ ಮೇಲೆ ಇರುವನು. ಕೆರೆಯ ಹೂಳನ್ನು ಹೊತ್ತವರು, ದೇವಾಲಯದ ಕಲ್ಲನ್ನು ಎಳೆದವರು, ಊರ ಹೊರಗಣ ಕೇರಿಗಳಲ್ಲಿ ವಾಸವಾಗಿದ್ದವರು ಬಿಟ್ಟಿ ಎಂಬ ಎರಡಕ್ಷರದಲ್ಲಿ ಅಡಗಿದ್ದಾರೆ. ಆ ಎರಡಕ್ಷರವು ಬರುವುದೂ ಶಾಸನಗಳ ಕೊನೆಯ ಭಾಗದಲ್ಲಿಯೇ, ತೆರಿಗೆಗಳ ಸಾಲಿನಲ್ಲಿ, ಗಾಣ ಮಗ್ಗಗಳ ಪಕ್ಕದಲ್ಲಿ.