ಕ್ರಿಸ್‌ಮಸ್ ರಜೆಯಲ್ಲಿ ಮನೆಮಂದಿ ಕೂಡಿ ಓದುವ ಕಥೆಗಳು

ಡಿಸೆಂಬರ್ ತಿಂಗಳ ಕೊನೆಯ ವಾರ ಬಂದಿತೆಂದರೆ ನಮ್ಮ ಹಿಂದೂಪುರ, ಕಲ್ಯಾಣದುರ್ಗಗಳ ಕಡೆ ಹೊತ್ತು ಬೇಗ ಮುಳುಗುತ್ತದೆ. ಚಳಿ ಮನೆಯೊಳಕ್ಕೆ ಬರುತ್ತದೆ. ಕ್ರೈಸ್ತ ಸಂಸ್ಥೆಗಳ ಶಾಲೆಗಳಿಗೆ ಕ್ರಿಸ್‌ಮಸ್ ರಜೆ. ಉಳಿದ ಶಾಲೆಗಳ ಮಕ್ಕಳಿಗೆ ಅದಾದ ಕೆಲವೇ ದಿನಗಳಲ್ಲಿ ಸಂಕ್ರಾಂತಿಯ ರಜೆ. ರಾತ್ರಿಯ ಊಟವಾದ ಮೇಲೆ ಮನೆಮಂದಿಯೆಲ್ಲ ಒಂದೆಡೆ ಕುಳಿತುಕೊಳ್ಳಲು ಇದಕ್ಕಿಂತ ಒಳ್ಳೆಯ ಕಾಲ ವರ್ಷದಲ್ಲಿ ಬೇರೆಯಿಲ್ಲ. ಈ ದಿನಗಳಲ್ಲಿ ಏನನ್ನು ಓದಬಹುದು, ಯಾರು ಯಾರಿಗೆ ಓದಿ ಹೇಳಬಹುದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಗಡಿಯ ಈಚೆಗಿರುವ ನಮ್ಮ ಮನೆಗಳ ಸ್ಥಿತಿ ವಾಚಕರಿಗೆ ತಿಳಿಯದ್ದೇನಲ್ಲ. ಮಕ್ಕಳಿಗೆ ಶಾಲೆಯಲ್ಲಿ ತೆಲುಗು ಇಲ್ಲವೆ ಇಂಗ್ಲಿಷು, ಬೀದಿಯಲ್ಲಿ ತೆಲುಗು, ಮನೆಯಲ್ಲಿ ಮಾತ್ರ ಕನ್ನಡ. ಆ ಕನ್ನಡವೂ ಊಟ, ಸ್ನಾನ, ಮುದ್ದು, ಗದರಿಕೆ ಇಷ್ಟಕ್ಕೇ ನಿಂತುಬಿಡುತ್ತಿದೆ. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಕನ್ನಡ ನಾಡಿನಿಂದ ಅಜ್ಜಿಗೆ ಬಂದ ಲಗ್ನಪತ್ರಿಕೆಯನ್ನು ಮೊಮ್ಮಗನು ಓದಿ ಹೇಳಲಾರದಂತಾಗಿದೆ. ಒಂದು ಪೀಳಿಗೆ ಅಕ್ಷರವನ್ನು ಬಿಟ್ಟರೆ ಮುಂದಿನದು ಮಾತನ್ನೂ ಬಿಡುವುದೇನೂ ಆಶ್ಚರ್ಯವಲ್ಲ. ಇದಕ್ಕೆ ಪಾಠ ಹೇಳಿಸುವುದಕ್ಕಿಂತ ಕಥೆ ಓದುವುದೇ ಸುಲಭವಾದ ಮದ್ದು ಎಂಬುದು ನಮ್ಮ ಅಭಿಪ್ರಾಯ.

ಕ್ರಿಸ್‌ಮಸ್ಸಿನ ಕಥೆಗಳೇ ಏಕೆ ಎಂದು ಕೆಲವರು ಕೇಳಬಹುದು. ಇದು ಮತದ ಪ್ರಶ್ನೆಯಲ್ಲ. ಆ ಕಥೆ ಕನ್ನಡದ ಅಚ್ಚಿಗೆ ಬಂದ ಚರಿತ್ರೆಯಲ್ಲಿ ನಮ್ಮ ಸೀಮೆಗೂ ಪಾಲುಂಟು. ಅನಂತಪುರವು ಪ್ರತ್ಯೇಕ ಜಿಲ್ಲೆಯಾದದ್ದು 1882ರಲ್ಲಿ. ಅಲ್ಲಿಯವರೆಗೆ ನಾವು ಬಳ್ಳಾರಿ ಜಿಲ್ಲೆಯವರೇ. ಆ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಬೈಬಲ್ಲಿನ ಅನುವಾದಕ್ಕೆ ಕೈಹಾಕಿದರು. 1831ರ ಹೊತ್ತಿಗೆ ಪೂರ್ಣ ಗ್ರಂಥವು ಕನ್ನಡದಲ್ಲಿ ಹೊರಬಂದಿತು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವೂ 1843ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಮರುವರ್ಷವೇ ‘ಕನ್ನಡ ಸಮಾಚಾರ’ವೆಂಬ ಹೆಸರಿನಲ್ಲಿ ಬಳ್ಳಾರಿಗೆ ಬಂದಿತು.

ಆದುದರಿಂದ ನಮ್ಮ ಪಟ್ಟಿಯ ಮೊದಲ ಪುಸ್ತಕ ಕನ್ನಡದ ‘ಸತ್ಯವೇದ’. ಅದರಲ್ಲಿ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯ. ಇಂದು ದೊರೆಯುವುದು ಅನಂತರ ಪರಿಷ್ಕಾರಗೊಂಡ ಅನುವಾದ. ಓದಲು ಕಾಲು ಗಂಟೆಯೂ ಬೇಡ. ಚಕ್ರವರ್ತಿಯು ಜನಗಣತಿಗೆ ಆಜ್ಞೆ ಮಾಡಿದ್ದಾನೆ. ಪ್ರತಿಯೊಬ್ಬನೂ ತನ್ನ ಮೂಲ ಊರಿಗೆ ಹೋಗಿ ಹೆಸರು ಬರೆಯಿಸಬೇಕು. ತುಂಬು ಗರ್ಭಿಣಿಯಾದ ಮರಿಯಳೊಡನೆ ಯೋಸೇಫನು ಬೇತ್ಲೆಹೇಮಿಗೆ ಹೊರಡುತ್ತಾನೆ. ಅಲ್ಲಿ ತಂಗಲು ಸ್ಥಳವಿಲ್ಲ. ಇರುವ ಊರೊಂದು, ಹೆಸರು ಬರೆಯಿಸುವ ಊರೊಂದು ಎಂಬ ಈ ಸಂಕಟವನ್ನು ಗಡಿಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಗಣತಿಯ ಪಟ್ಟಿಯಲ್ಲಿ ‘ಮಾತೃಭಾಷೆ’ ಎಂಬ ಕಲಮಿನ ಮುಂದೆ ಏನು ಬರೆಯಲ್ಪಡುತ್ತದೆ ಎಂಬುದರ ಬೆಲೆಯನ್ನು ನಾವು ಬಲ್ಲೆವು.

ಕನ್ನಡ ಅನುವಾದಕರ ಪದಗಳನ್ನೂ ಗಮನಿಸಬೇಕು. ಕೂಸನ್ನು ಮಲಗಿಸಿದ ಜಾಗ ‘ಗೋದಲಿ’, ದನಕ್ಕೆ ಮೇವು ಹಾಕುವ ತೊಟ್ಟಿ. ಮೊದಲು ಸುದ್ದಿ ತಿಳಿದವರು ರಾತ್ರಿ ಹೊಲದಲ್ಲಿ ಹಿಂಡು ಕಾಯುತ್ತಿದ್ದ ‘ಕುರುಬರು’. ಮತ್ತಾಯನ ಸುವಾರ್ತೆಯಲ್ಲಿ ನಕ್ಷತ್ರವನ್ನು ಕಂಡು ಮೂಡಣ ದಿಕ್ಕಿನಿಂದ ಬಂದವರು ‘ಜೋಯಿಸರು’. ಕಲ್ಯಾಣದುರ್ಗದ ಕಡೆಯ ಮಗುವಿಗೆ ಕುರಿಹಿಂಡು, ಕಂಬಳಿ, ಹೊಲದಲ್ಲಿ ಮಂದೆ ನಿಲ್ಲಿಸಿ ರಾತ್ರಿ ಕಾಯುವುದು ಇವಾವುವೂ ಪರದೇಶದ ಸಂಗತಿಗಳಲ್ಲ. ಹಿಮ ಬೀಳುವ ಚಿತ್ರಪಟದ ಕ್ರಿಸ್‌ಮಸ್ಸಿಗಿಂತ ಈ ಕ್ರಿಸ್‌ಮಸ್ ಅದಕ್ಕೆ ಬೇಗ ಅರ್ಥವಾಗುತ್ತದೆ.

ಕಾವ್ಯದಲ್ಲಿ ರುಚಿಯುಳ್ಳ ಹಿರಿಯರಿಗೆ ಎರಡು ಹೆಸರುಗಳನ್ನು ಸೂಚಿಸುತ್ತೇವೆ. ಕನ್ನಡದ ಮಹಾ ನಿಘಂಟನ್ನು 1894ರಲ್ಲಿ ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್‌ರು ಅದಕ್ಕೆ ಬಹಳ ಮೊದಲೇ, 1862ರಲ್ಲಿ, ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿಗೆ ಅಳವಡಿಸಿ ‘ಕಥಾಮಾಲೆ’ಯನ್ನು ರಚಿಸಿದರು. ಇನ್ನೊಂದು, ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳ (1883–1963) ‘ಗೊಲ್ಗೊಥಾ’. ಇದು ಹುಟ್ಟಿನ ಕಥೆಯಲ್ಲ, ಕ್ರಿಸ್ತನ ಕೊನೆಯ ದಿನದ ಕಥೆ. ಬುದ್ಧನ ಕೊನೆಯ ದಿನವನ್ನು ಕುರಿತು ‘ವೈಶಾಖಿ’ಯನ್ನು ಬರೆದವರೂ ಅವರೇ. ಕಾಸರಗೋಡಿನ ನೆಲದಲ್ಲಿ, ನಮ್ಮಂತೆಯೇ ಗಡಿಯಲ್ಲಿ ಕುಳಿತ ಹಿಂದೂ ಕವಿಯೊಬ್ಬರು ಲೋಕದ ಮಹಾತ್ಮರನ್ನೆಲ್ಲ ಕನ್ನಡಕ್ಕೆ ಕರೆತಂದರೆಂಬುದನ್ನು ಮಕ್ಕಳಿಗೆ ಹೇಳಬೇಕು.

ಇನ್ನು ಹೊರನಾಡುಗಳ ಕಥೆಗಳು. ‘ಮಂಗಳೂರ ಸಮಾಚಾರ’ ಹುಟ್ಟಿದ 1843ರಲ್ಲಿಯೇ, ಡಿಸೆಂಬರ್ 19ರಂದು, ಲಂಡನ್ನಿನಲ್ಲಿ ಚಾರ್ಲ್ಸ್ ಡಿಕನ್ಸನ ‘ಎ ಕ್ರಿಸ್‌ಮಸ್ ಕ್ಯಾರಲ್’ ಪ್ರಕಟವಾಯಿತು. ಮೊದಲ 6,000 ಪ್ರತಿಗಳು ಹಬ್ಬದೊಳಗೆ ಮಾರಿಹೋದವು. ತನ್ನ ಗುಮಾಸ್ತನಿಗೆ ಬೆಂಕಿಗೆ ಬೇಕಾದ ಇದ್ದಿಲನ್ನೂ ಕೊಡಲು ಹಿಂದೆಗೆಯುವ ಲೋಭಿ ಸ್ಕ್ರೂಜನು, ಕಳೆದ, ಇಂದಿನ ಮತ್ತು ಬರಲಿರುವ ಕ್ರಿಸ್‌ಮಸ್ಸಿನ ಮೂರು ಪ್ರೇತಗಳನ್ನು ಕಂಡು ಒಂದೇ ರಾತ್ರಿಯಲ್ಲಿ ಮನುಷ್ಯನಾಗುತ್ತಾನೆ. ದೆವ್ವದ ಕಥೆಯೂ ಹೌದು, ದಯೆಯ ಕಥೆಯೂ ಹೌದು. ಹತ್ತು ವರ್ಷ ದಾಟಿದ ಮಕ್ಕಳಿಗೆ ಬಹು ಮೆಚ್ಚಿಕೆಯಾಗುವಂಥದು.

ಟಾಲ್‌ಸ್ಟಾಯಿಯ 1885ರ ಕಥೆಯೊಂದರಲ್ಲಿ ಮಗನನ್ನು ಕಳೆದುಕೊಂಡ ಚಮ್ಮಾರ ಮಾರ್ಟಿನನು, ಇಂದು ದೇವರು ತನ್ನ ಅಂಗಡಿಗೆ ಬರುವನೆಂದು ದಿನವಿಡೀ ಕಿಟಕಿಯಲ್ಲಿ ನೋಡುತ್ತಾನೆ. ಬರುವವರು ಹಿಮ ಗುಡಿಸುವ ಮುದುಕ, ಕೂಸನ್ನೆತ್ತಿಕೊಂಡ ಬಡವೆ, ಸೇಬು ಮಾರುವ ಅಜ್ಜಿ. ಅವರಿಗೆ ಚಹಾ, ಊಟ, ಬಟ್ಟೆ, ಸಮಾಧಾನಗಳನ್ನು ಕೊಟ್ಟು ಸಂಜೆ ಕುಳಿತಾಗ, ಬಂದವನು ಯಾರೆಂಬುದು ಅವನಿಗೆ ತಿಳಿಯುತ್ತದೆ. ಬಡವರಲ್ಲಿ ದೇವರನ್ನು ಕಾಣುವ ಮಾತು ಬಸವಣ್ಣನವರ ನಾಡಿಗೆ ಹೊಸದಲ್ಲ.

ಓ. ಹೆನ್ರಿಯ 1905ರ ‘ದ ಗಿಫ್ಟ್ ಆಫ್ ದ ಮ್ಯಾಜೈ’ ಗಂಡಹೆಂಡಿರು ಕೂಡಿ ಓದತಕ್ಕದ್ದು. ಗಂಡನ ಗಡಿಯಾರಕ್ಕೆ ಸರಪಣಿ ತರಲು ಹೆಂಡತಿ ತನ್ನ ನೀಳವಾದ ಕೂದಲನ್ನು ಮಾರುತ್ತಾಳೆ. ಆ ಕೂದಲಿಗೆ ಬಾಚಣಿಗೆ ತರಲು ಗಂಡ ಗಡಿಯಾರವನ್ನೇ ಮಾರಿರುತ್ತಾನೆ. ಆ ಹೆಸರಿನ ‘ಮ್ಯಾಜೈ’ ನಮ್ಮ ಸತ್ಯವೇದದ ಜೋಯಿಸರೇ. ಆಂಡರ್ಸನ್ನನ ‘ಬೆಂಕಿಕಡ್ಡಿ ಮಾರುವ ಹುಡುಗಿ’ (1845) ಹೊಸ ವರ್ಷದ ಹಿಂದಿನ ರಾತ್ರಿ ಚಳಿಯಲ್ಲಿ ಸಾಯುವ ಬಡ ಕೂಸಿನ ಕಥೆ. ಚಿಕ್ಕ ಮಕ್ಕಳು ಅತ್ತುಬಿಡುತ್ತಾರೆ, ಹಿರಿಯರು ಪಕ್ಕದಲ್ಲಿರಬೇಕು.

ಅನುವಾದದ ಪುಸ್ತಕ ಕೈಗೆ ಸಿಗಲಿಲ್ಲವೆಂದು ಸುಮ್ಮನಾಗಬೇಕಿಲ್ಲ. ಮಗುವು ಇಂಗ್ಲಿಷಿನಲ್ಲಿ ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳಲಿ. ಪದ ಸಿಗದೆ ತಡವರಿಸಿದಾಗ ಅಜ್ಜಿಯೇ ಪದವನ್ನು ಕೊಡುತ್ತಾಳೆ. ಆ ತಡವರಿಕೆಯಲ್ಲಿಯೇ ಭಾಷೆ ಬೆಳೆಯುತ್ತದೆ. ಅಕ್ಷರದ ಭಯವೂ ಬೇಡ: ಕನ್ನಡ ತೆಲುಗು ಲಿಪಿಗಳು ಒಂದೇ ಹಳೆಯ ಲಿಪಿಯಿಂದ ಕವಲೊಡೆದವು. ತಲೆಕಟ್ಟನ್ನೂ ಕ, ತ ಮುಂತಾದ ಕೆಲವು ಅಕ್ಷರಗಳ ವ್ಯತ್ಯಾಸವನ್ನೂ ತೋರಿಸಿಕೊಟ್ಟರೆ, ತೆಲುಗು ಬಲ್ಲ ಮಗು ರಜೆ ಮುಗಿಯುವುದರೊಳಗಾಗಿ ಕನ್ನಡವನ್ನು ಕೂಡಿಸಿ ಓದಬಲ್ಲುದು. ಕಲ್ಯಾಣದುರ್ಗದ ಕಡೆಯ ರಾಳ್ಳಪಲ್ಲಿಯಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು (1893–1979) ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಬೋಧಿಸುತ್ತ, ‘ಗಾನಕಲೆ’ಯಂಥ ಗ್ರಂಥವನ್ನು ಕನ್ನಡದಲ್ಲಿ ಬರೆದರು. ಎರಡು ಭಾಷೆಗಳು ಒಂದೇ ಮನಸ್ಸಿನಲ್ಲಿ ಸುಖವಾಗಿ ಬಾಳುತ್ತವೆಂಬುದಕ್ಕೆ ನಮ್ಮ ಮಣ್ಣಿನ ಸಾಕ್ಷಿಯೇ ಇದೆ.

ಹಿಂದೂಪುರದವರಿಗೆ ಬೆಂಗಳೂರಿಗೆ ರೈಲುಂಟು. ಕಲ್ಯಾಣದುರ್ಗದವರಿಗೆ ರಾಯದುರ್ಗದ ಮೇಲೆ ಬಳ್ಳಾರಿಗೆ ದಾರಿಯುಂಟು. ಮುಂದಿನ ಸಲ ಮದುವೆಗೋ ಆಸ್ಪತ್ರೆಗೋ ಅತ್ತ ಹೋದಾಗ ಒಂದು ಕಥಾಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಬನ್ನಿ. ಮೊದಲ ರಾತ್ರಿ ನೀವೇ ಓದಿ ಹೇಳಿ. ಎರಡನೆಯ ರಾತ್ರಿ ಒಂದು ಪುಟವನ್ನು ಮಗುವಿಗೆ ಬಿಡಿ.